ಜಡ್ಜ್‌ಗಳನ್ನು ಜನರೇ ಓಟು ಹಾಕಿ ಆರಿಸಿದರೆ ತಪ್ಪೇನು?

ಕುತೂಹಲಿ:
ಮೆಕ್ಸಿಕೋದಲ್ಲಿ 2025ರ ಜೂನ್ 1ರಂದು ಸುಪ್ರೀಂ ಕೋರ್ಟ್ ಜಡ್ಜ್‌ಗಳನ್ನೂ ಜನರೇ ಓಟು ಹಾಕಿ ಆರಿಸಿದರು. ಬಂದು ಓಟು ಹಾಕಿದವರು ನೂರಕ್ಕೆ ಸುಮಾರು 13 ಜನ ಅಷ್ಟೇ, ಅದು ಬೇರೆ ಮಾತು. ಭಾರತದಲ್ಲಿ ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸುತ್ತಾರೆ, ಯಾರನ್ನು ಯಾಕೆ ಬಿಟ್ಟರು ಅಂತ ಹೊರಗಿನವರಿಗೆ ಗೊತ್ತಾಗುವುದೇ ಕಡಿಮೆ. ಸರ್ಕಾರವನ್ನೇ ಆರಿಸುವ ಜನಕ್ಕೆ ಜಡ್ಜ್‌ನನ್ನು ಆರಿಸಲು ಬರುವುದಿಲ್ವಾ?

ಕರಿಕೋಟು:
ಬರುತ್ತೆ. ಆದರೆ ಚುನಾವಣೆ ಅಂದಮೇಲೆ ಪ್ರಚಾರಕ್ಕೆ ದುಡ್ಡು ಯಾರು ಹಾಕ್ತಾರೆ ಅನ್ನೋದು ಬಂದೇ ಬರುತ್ತೆ ಅಲ್ವಾ? ಅಮೆರಿಕದ ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಲ್ಲಿದ್ದಲು ಕಂಪನಿ 5 ಕೋಟಿ ಡಾಲರ್ ಪರಿಹಾರ ಕೊಡಬೇಕು ಅಂತ ತೀರ್ಪಾಗಿತ್ತು. ಮೇಲ್ಮನವಿ ರಾಜ್ಯದ ಅತ್ಯುನ್ನತ ಕೋರ್ಟಿಗೆ ಹೋಗಬೇಕು. ಅದೇ ಹೊತ್ತಿಗೆ, 2004ರಲ್ಲಿ, ಆ ಕೋರ್ಟಿನ ಒಂದು ಸ್ಥಾನಕ್ಕೆ ಚುನಾವಣೆ ಬಂತು. ಕಂಪನಿಯ ಮುಖ್ಯಸ್ಥ ಒಬ್ಬ ಅಭ್ಯರ್ಥಿ ಗೆಲ್ಲಲಿ ಅಂತ ಸುಮಾರು 30 ಲಕ್ಷ ಡಾಲರ್ ಸುರಿದ. ಅಭ್ಯರ್ಥಿ ಗೆದ್ದ, ಕೇಸು ಅವನ ಮುಂದೆ ಬಂತು, ಹಿಂದೆ ಸರಿಯಿರಿ ಅಂದರೂ ಸರಿಯಲಿಲ್ಲ. 3-2ರಲ್ಲಿ ಕಂಪನಿ ಗೆದ್ದಿತು, ಆ ಮೂವರಲ್ಲಿ ಅವನೂ ಒಬ್ಬ! 2009ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದು ತಪ್ಪು ಅಂತ ಹೇಳಿತು. ಅದೂ 5-4ರಲ್ಲಿ, ಅಂದರೆ ನಾಲ್ವರಿಗೆ ಆಗಲೂ ಹಾಗನ್ನಿಸಲಿಲ್ಲ.

ಪರೀಕ್ಷಾರ್ಥಿ:
ಪರೀಕ್ಷೆ ಇಟ್ಟರೆ ಆಯ್ತಪ್ಪ. ಫ್ರಾನ್ಸ್‌ನಲ್ಲಿ ಕಾನೂನು ಓದಿದವರು ಪರೀಕ್ಷೆ ಬರೆದು ಬೋರ್ಡೋ ಊರಿನ ತರಬೇತಿ ಶಾಲೆ ಸೇರುತ್ತಾರೆ, ಕಲಿತು ಎಳೆ ವಯಸ್ಸಿಗೇ ಜಡ್ಜ್ ಆಗುತ್ತಾರೆ. ಭಾರತದಲ್ಲೂ ಸಿವಿಲ್ ಜಡ್ಜ್ ಆಗೋಕೆ ಪರೀಕ್ಷೆ ಇದೆ. ಕೊಲಿಜಿಯಂ, ಅಂದರೆ ಜಡ್ಜ್‌ಗಳೇ ಜಡ್ಜ್‌ಗಳನ್ನು ಆರಿಸುವ ಗುಂಪು, ಇರುವುದು ಹೈಕೋರ್ಟ್, ಸುಪ್ರೀಂ ಕೋರ್ಟ್‌ಗೆ ಮಾತ್ರ.

ಹಳೇಫೈಲು:
ಕೊಲಿಜಿಯಂ ಸಂವಿಧಾನದಲ್ಲಿ ಬರೆದಿರುವುದಲ್ಲ, 1993 ಮತ್ತು 1998ರ ತೀರ್ಪುಗಳಿಂದ ಹುಟ್ಟಿದ್ದು. ಅದನ್ನು ತೆಗೆದು ಆಯೋಗ ತರೋಣ ಅಂತ ಸಂಸತ್ತು ತಿದ್ದುಪಡಿ ಮಾಡಿತು, 2015ರಲ್ಲಿ ಸುಪ್ರೀಂ ಕೋರ್ಟೇ 4-1ರಲ್ಲಿ ಹೊಡೆದು ಹಾಕಿತು. ತಮ್ಮ ಕೇಸಿಗೆ ತಾವೇ ತೀರ್ಪುಗಾರರು 🙂

ಆದರೆ ನನ್ನ ಪ್ರಕಾರ ಯಾರು ಆರಿಸುತ್ತಾರೆ ಅನ್ನೋದಕ್ಕಿಂತ ಜಡ್ಜ್ ಮತ್ತೆ ಯಾರ ಮುಂದಾದರೂ ಕೈಚಾಚಬೇಕಾ ಅನ್ನೋದೇ ಮುಖ್ಯ. ಜರ್ಮನಿಯ ಸಂವಿಧಾನ ಕೋರ್ಟಿನ 16 ಜಡ್ಜ್‌ಗಳನ್ನು ಆರಿಸುವವರು ರಾಜಕಾರಣಿಗಳೇ. ಅರ್ಧ ಜನರನ್ನು ಸಂಸತ್ತು, ಅರ್ಧ ಜನರನ್ನು ರಾಜ್ಯಗಳ ಸಭೆ ಆರಿಸುತ್ತದೆ. ಮೂರನೇ ಎರಡು ಭಾಗ ಓಟು ಬೇಕು, ಹಾಗಾಗಿ ಒಂದೇ ಪಕ್ಷ ತನ್ನವರನ್ನು ಸುಮ್ನೆ ತೂರಿಸೋಕಾಗಲ್ಲ. ಅವಧಿ 12 ವರ್ಷ, ಎರಡನೇ ಸಲ ಇಲ್ಲವೇ ಇಲ್ಲ. ಯಾರನ್ನು ಮೆಚ್ಚಿಸಿ ಏನಾಗಬೇಕು? ಸ್ವಿಟ್ಜರ್ಲೆಂಡ್‌ನಲ್ಲಿ ಆರು ವರ್ಷಕ್ಕೊಮ್ಮೆ ಸಂಸತ್ತು ಮತ್ತೆ ಆರಿಸಬೇಕು, ಜಡ್ಜ್‌ಗಳು ತಮ್ಮ ಪಕ್ಷಕ್ಕೆ ಸಂಬಳದಲ್ಲಿ ಪಾಲು ಬೇರೆ ಕೊಡುತ್ತಾರೆ.

ಕುತೂಹಲಿ:
ಅಯ್ಯೋ, ಇದನ್ನು ಅಲ್ಲಿನ ಜನ ಕೇಳಲ್ವಾ?

ಹಳೇಫೈಲು:
ಕೇಳಿದರು. ಅರ್ಹರ ಪಟ್ಟಿ ಮಾಡಿ ಚೀಟಿ ಎತ್ತೋಣ, ಒಮ್ಮೆ ಬಂದವರು ನಿವೃತ್ತಿ ಆಗುವವರೆಗೂ ಇರಲಿ ಅಂತ 2021ರ ನವೆಂಬರ್‌ನಲ್ಲಿ ಜನಮತ ನಡೆಯಿತು. ಜನರೇ ಬೇಡ ಅಂದರು, ಅದೂ ದೊಡ್ಡ ಅಂತರದಲ್ಲಿ.