ಇಂಗ್ಲಿಷಿನಲ್ಲಿ ವಿನಯವಾಗಿ ಕೇಳುವುದು: ಆನ್‌ಲೈನ್ ಗುಂಪೊಂದರಲ್ಲಿ ಅಧ್ಯಾಪಕಿಯೊಂದಿಗೆ ಸದಸ್ಯರ ಪ್ರಶ್ನೋತ್ತರ

ಬ್ಯಾಂಕ್ ನೌಕರ: ಮೇಡಂ, ‘ಕುಡ್’ ಎಂಬುದು ‘ಕ್ಯಾನ್’ನ ಭೂತಕಾಲವೆಂದು ಕಲಿತಿದ್ದೇವೆ. ನಾಳೆಯ ಕೆಲಸಕ್ಕೆ ‘ಕುಡ್ ಯೂ ಸೆಂಡ್ ಇಟ್ ಟುಮಾರೋ’ ಎನ್ನುವುದು ಸರಿಯೇ?

ಅಧ್ಯಾಪಕಿ: ಸರಿ. ಕೋರಿಕೆಯಲ್ಲಿ ‘ಕುಡ್’ ಕಾಲವನ್ನಲ್ಲ, ಕೇಳುವವರ ಸಂಕೋಚವನ್ನು ಸೂಚಿಸುತ್ತದೆ. ‘ಕುಡ್ ಐ ಲೀವ್ ಅರ್ಲಿ’ ಎಂದು ಅನುಮತಿ ಕೇಳಬಹುದು. ಕೊಡುವವರು ಮಾತ್ರ ‘ಯೆಸ್, ಯೂ ಕ್ಯಾನ್’ ಎನ್ನುತ್ತಾರೆ, ‘ಯೂ ಕುಡ್’ ಎನ್ನುವುದಿಲ್ಲ.

ಅಂಗಡಿ ಮಾಲೀಕ: ಬಾಡಿಗೆ ಕರಾರಿನಲ್ಲಿ ‘ಶಲ್ ಪೇ’ ಎಂದಿದೆ. ಇದೂ ವಿನಯವೇ?

ನರ್ಸ್, ಇಂಗ್ಲೆಂಡಿನಿಂದ: ಇಲ್ಲಿ ಕೆಲಸಕ್ಕೆ ಸೇರಿ ಮೂರು ತಿಂಗಳಾಯಿತು. ಹಿರಿಯ ವೈದ್ಯರೊಬ್ಬರು ಔಷಧದ ಚೀಟಿ ನೋಡಿ ‘ಯೂ ಮೈಟ್ ವಾಂಟ್ ಟು ಚೆಕ್ ದಟ್ ಡೋಸ್’ ಎಂದರು. ಪುರುಸೊತ್ತಾದಾಗ ನೋಡಿದರಾಯಿತೆಂದು ನಾನು ಬೇರೆ ರೋಗಿಯ ಬಳಿಗೆ ಹೋದೆ. ಅರ್ಧ ಗಂಟೆಯ ಬಳಿಕ ಅವರು ಸಿಡಿಮಿಡಿಗೊಂಡರು. ಔಷಧ ಇನ್ನೂ ಕೊಟ್ಟಿರಲಿಲ್ಲವಾದ್ದರಿಂದ ಅಪಾಯವಾಗಲಿಲ್ಲ. ನಾನು ತಪ್ಪಿದ್ದೆಲ್ಲಿ?

ಅಧ್ಯಾಪಕಿ: ಓದಿ ಆತಂಕವಾಯಿತು. ‘ಮೈಟ್’ ಎಂದರೆ ಆಗಬಹುದು, ಆಗದೆಯೂ ಇರಬಹುದು ಎಂದು ತರಗತಿಯಲ್ಲಿ ಕಲಿಸುತ್ತೇವೆ. ನಾನೂ ಅಷ್ಟಕ್ಕೇ ನಿಲ್ಲಿಸಿದವಳು. ಬ್ರಿಟನ್ನಿನ ಕೆಲಸದ ಜಾಗದಲ್ಲಿ ಮೇಲಿನವರ ಬಾಯಲ್ಲಿ ಬರುವ ‘ಯೂ ಮೈಟ್ ವಾಂಟ್ ಟು’ ಅನೇಕ ಸಲ ಅಪ್ಪಣೆಯೇ ಆಗಿರುತ್ತದೆ. ‘ಒಲೆಯ ಮೇಲೆ ಹಾಲಿತ್ತೇನೋ, ಒಮ್ಮೆ ನೋಡಿದ್ದರೆ ಚೆನ್ನಾಗಿತ್ತು’ ಎಂದು ಅತ್ತೆ ಹೇಳಿದರೆ ಅದನ್ನು ಬರಿಯ ಸಲಹೆಯೆಂದು ಭಾವಿಸಿ ಕುಳಿತಿರುವ ಸೊಸೆ ಉಂಟೇ? ಇನ್ನು ಮುಂದೆ ಅಂಥ ಮಾತು ಕೇಳಿದ ತಕ್ಷಣ ‘ಶಲ್ ಐ ಚೆಕ್ ಇಟ್ ನೌ?’ ಎಂದುಬಿಡಿ. ನಮ್ಮ ‘ಈಗಲೇ ನೋಡಲೇ?’ ಎಂಬುದಕ್ಕೆ ಸರಿಯಾಗಿ ಹೊಂದುವ ಮಾತದು. ಕೆಲಸಕ್ಕೆ ಒಪ್ಪಿಕೊಂಡಂತೆಯೂ ಆಯಿತು, ಅವರ ಮನಸ್ಸಿನಲ್ಲಿರುವುದು ಗೊತ್ತಾದಂತೆಯೂ ಆಯಿತು. (ಸ್ಕಾಟ್ಲೆಂಡ್, ಐರ್ಲೆಂಡಿನವರು ‘ಶಲ್ ಐ’ ಬದಲು ‘ವಿಲ್ ಐ’ ಎನ್ನುವುದುಂಟು, ಗಾಬರಿಯಾಗಬೇಡಿ.) ವೈದ್ಯರಿಗೆ ‘ಯೂ ಮೇ ಸೀ ಬೆಡ್ ಫೋರ್’ ಎನ್ನಬೇಡಿ, ನೀವೇ ಅವರಿಗೆ ಅನುಮತಿ ಕೊಟ್ಟಂತೆ ಕೇಳಿಸುತ್ತದೆ. ರೋಗಿಯ ಸ್ಥಿತಿ ಬಿಗಡಾಯಿಸಿದಾಗಲಂತೂ ‘ಕುಡ್’, ‘ಮೈಟ್’ ಎಲ್ಲವನ್ನೂ ಬದಿಗಿಟ್ಟು ‘ಐ ನೀಡ್ ಯೂ ಅಟ್ ಬೆಡ್ ಫೋರ್ ನೌ’ ಎನ್ನಿ. ಆಗ ಅದು ಒರಟುತನವಲ್ಲ.

ಹೋಟೆಲ್ ನೌಕರ, ದುಬೈ: ‘ವುಡ್ ಯೂ ಮೈಂಡ್ ವೇಟಿಂಗ್?’ ಎಂದರೆ, ಒಪ್ಪಿಗೆಯಿದ್ದಾಗ ‘ಯೆಸ್’ ಎನ್ನಬೇಕಲ್ಲವೇ?

ಅಧ್ಯಾಪಕಿ: ಇಲ್ಲ. ‘ನಿಮಗೆ ಬೇಸರವೇ?’ ಎಂಬುದು ಆ ಪ್ರಶ್ನೆ. ‘ನೋ, ನಾಟ್ ಅಟ್ ಆಲ್’ ಎನ್ನಿ.

ಸದಸ್ಯ: ‘ಕ್ಯಾನ್ ಐ’ ಎನ್ನುವುದು ತಪ್ಪು, ‘ಮೇ ಐ’ ಮಾತ್ರ ಸರಿ ಎಂಬ ಪಟ್ಟಿ ಬಂದಿದೆ, ಹಾಕಿದ್ದೇನೆ.

ಅಧ್ಯಾಪಕಿ: ತಪ್ಪಲ್ಲ. ‘ಮೇ’ ಹೆಚ್ಚು ಔಪಚಾರಿಕ, ಅಷ್ಟೇ.

ಗೃಹಿಣಿ: ಮಗಳ ಶಾಲೆಯಲ್ಲಿ ‘ಕ್ಯಾನ್ ಐ’ ಎಂದರೆ ಬೈಯುತ್ತಾರೆ. ಯಾವುದು ಸರಿ?

ಅಧ್ಯಾಪಕಿ: ಮೇಲೆ ಓದಿ.

ಇನ್ನೊಬ್ಬ ಸದಸ್ಯ: ಯಾವ ವಾಕ್ಯಕ್ಕಾದರೂ ‘ಪ್ಲೀಸ್’ ಸೇರಿಸಿದರೆ ವಿನಯ ಬರುತ್ತದೆ ಎಂಬ ಸಂದೇಶವನ್ನು ಎಲ್ಲರಿಗೂ ಹಂಚಿರಿ.

ಅಧ್ಯಾಪಕಿ: ದಯವಿಟ್ಟು ಹಂಚಬೇಡಿ. ‘ಯೂ ಮೇ ಪ್ಲೀಸ್ ಸ್ಯಾಂಕ್ಷನ್ ಮೈ ಲೀವ್’ ಎಂಬುದು ನಮ್ಮ ಕಚೇರಿಯ ಕಡತಗಳಲ್ಲಿ ನಡೆದೀತು. ಹೊರದೇಶದಲ್ಲಿ ಗುಮಾಸ್ತರು ಸಾಹೇಬರಿಗೆ ಅಪ್ಪಣೆ ಕೊಟ್ಟಂತಾಗುತ್ತದೆ, ಅಲ್ಲಿ ‘ಪ್ಲೀಸ್’ ಕಾಪಾಡುವುದಿಲ್ಲ. ಇಂಥ ಪಟ್ಟಿಯನ್ನು ಇಲ್ಲಿ ಹಾಕಿದವರಲ್ಲಿ ನೀವು ನಾಲ್ಕನೆಯವರು.

ಧಾರವಾಡದ ಸದಸ್ಯ: ಇಷ್ಟೆಲ್ಲ ಕಸರತ್ತು ಏಕೆ? ನಮ್ಮಲ್ಲಿ ‘ಕೊಡ್ರಿ’ ಎಂದರೆ ಮುಗಿಯಿತು.

ಮೈಸೂರಿನ ಸದಸ್ಯ: ‘ಏನ್ರೀ’ ಎಂದು ಜಗಳಕ್ಕೆ ನಿಲ್ಲುವಾಗಲೂ ಅದೇ ‘ರೀ’ ಬರುತ್ತದೆ. ‘ಸ್ವಲ್ಪ ಕೊಡುತ್ತೀರಾ’ ಎನ್ನುವುದು ಮೇಲು.

ಧಾರವಾಡದ ಸದಸ್ಯ: ಕೊಡುತ್ತಾರೋ ಇಲ್ಲವೋ ಎಂಬ ಸಂಶಯವನ್ನು ವಿನಯವೆಂದು ಕರೆಯುವುದು ನಿಮ್ಮ ಊರಿನ ಪದ್ಧತಿ ಇರಬೇಕು.

ಅಧ್ಯಾಪಕಿ: ಇಬ್ಬರೂ ಕೇಳಿ. ‘ಕೊಡಿ’, ‘ಕೊಡ್ರಿ’ ಎರಡರಲ್ಲೂ ಮರ್ಯಾದೆ ಕ್ರಿಯಾಪದದ ತುದಿಯಲ್ಲೇ ಇದೆ. ಇಂಗ್ಲಿಷಿನ ‘ಗಿವ್’ಗೆ ಅಂಥ ತುದಿಯಿಲ್ಲದ ಕಾರಣ ಆ ಕೆಲಸವನ್ನು ‘ಕುಡ್ ಯೂ’, ‘ವುಡ್ ಯೂ’ಗಳು ಮುಂದೆ ನಿಂತು ಮಾಡಬೇಕು. ನಾವು ಮರ್ಯಾದೆಯಿಂದಲೇ ‘ಗಿವ್ ವಾಟರ್’ ಎಂದರೂ ಕೇಳಿದವರಿಗೆ ಅದು ಆಜ್ಞೆಯಾಗುವುದು ಇದರಿಂದ.

ಮೈಸೂರಿನ ಸದಸ್ಯ: ಹಾಗಾದರೆ ‘ಕೊಡುತ್ತೀರಾ’ ಎಂಬುದೇ ಹತ್ತಿರ ಎಂದಾಯಿತು.

ಧಾರವಾಡದ ಸದಸ್ಯ: ಮೇಡಂ ಹಾಗೆ ಹೇಳಲಿಲ್ಲ. ಕನ್ನಡವನ್ನು ಮೊದಲು ಓದಲು ಕಲಿಯಿರಿ.

ಅಧ್ಯಾಪಕಿ: ನಾಳೆ ಪರೀಕ್ಷೆಯ ಮೇಲ್ವಿಚಾರಣೆಯಿದೆ, ಇಂದಿಗೆ ಇಷ್ಟು.

ಅಂಗಡಿ ಮಾಲೀಕ: ‘ಶಲ್ ಪೇ’ ಬಗ್ಗೆ ಬೆಳಿಗ್ಗೆಯೇ ಕೇಳಿದ್ದೆ.