ಅಪ್‌ಡೇಟ್: ಐದು ತಿಂಗಳಾಯಿತು, ಮುದ್ದೆ ವಾಪಸ್ ಬಂತು

ಜಠರ ಚಿಕ್ಕದು ಮಾಡಿ ತೂಕ ಇಳಿಸುವ ಸ್ಲೀವ್ ಸರ್ಜರಿ ಆದ ಮೇಲೆ ಮುದ್ದೆ ತಿನ್ನಬಹುದಾ ಎಂದು ಕೇಳಿದ್ದೆ, ನೆನಪಿದೆಯಾ? ಈಗ ತಿನ್ನುತ್ತಿದ್ದೇನೆ, ನಿಂಬೆಹಣ್ಣಿನಷ್ಟು. ಮೊದಲ ಸಲ ಹಳೇ ಅಭ್ಯಾಸದಲ್ಲಿ ಹಾಗೇ ನುಂಗಿಬಿಟ್ಟೆ. ಎದೆಯಲ್ಲೇ ಸಿಕ್ಕಿಕೊಂಡಂತಾಗಿ ಅರ್ಧ ಗಂಟೆ ಒದ್ದಾಡಿದೆ. ಮುದ್ದೆ ಅಗಿಯಬಾರದು ಅಂತಾರಲ್ಲ, ನಾನೀಗ ಅಗಿಯುತ್ತೇನೆ. ಅಮ್ಮನಿಗೆ ನಗು.

ತಟ್ಟೆಯಲ್ಲಿ ಮೊದಲು ಮೊಟ್ಟೆ ಇಲ್ಲವೇ ಕಾಳು. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗಲೇಬೇಕು ಎಂದಿದ್ದಾರೆ ಡಯಟಿಷಿಯನ್. ಊಟದ ಜೊತೆ ನೀರಿಲ್ಲ, ಅರ್ಧ ಗಂಟೆ ಬಿಟ್ಟು ಗುಟುಕು ಗುಟುಕಾಗಿ. ಕೂದಲು ಜಾಸ್ತಿ ಉದುರುತ್ತಿದೆ. ತೂಕ ಬೇಗ ಇಳಿದರೆ ಹೀಗಾಗುತ್ತದಂತೆ, ಕೂದಲು ಮತ್ತೆ ಬರುತ್ತದಂತೆ. ಬಿ12, ಕಬ್ಬಿಣದ ಮಾತ್ರೆ ತಪ್ಪಿಸಿಲ್ಲ.

ಬೆಳಿಗ್ಗೆ ಹಾಸನದ ಮಹಾರಾಜ ಪಾರ್ಕಿನಲ್ಲಿ ನಡಿಗೆ. ಮೊದಲು ಒಂದೇ ಸುತ್ತು, ಈಗ ನಾಲ್ಕು. ಮದುವೆ ಊಟವೇ ಕಷ್ಟ. ಬೇಡ ಅಂದರೂ ಹೋಳಿಗೆ ಹಾಕಿಯೇ ಬಿಡುತ್ತಾರೆ!