ಅಮ್ಮನ ನಂತರ ತಮ್ಮನನ್ನು ಯಾರು ನೋಡಿಕೊಳ್ಳಬೇಕು? ಒಡಹುಟ್ಟಿದವರು ಅನುಭವ ಹೇಳಿ

ದಾವಣಗೆರೆ ಮಗಳು:
ನನ್ನ ತಮ್ಮನಿಗೆ 34 ವರ್ಷ, ಆಟಿಸಂ ಇದೆ. ಮಾತು ತುಂಬಾ ಕಡಿಮೆ. ಅಪ್ಪ ಇಲ್ಲ. ಅಮ್ಮನಿಗೆ 71, ಮಂಡಿ ನೋವು. ಅಣ್ಣ ಪುಣೆಯಲ್ಲಿ, ನಾನು ಬೆಂಗಳೂರಿನಲ್ಲಿ. ಮನೆಯನ್ನು ತಮ್ಮನ ಹೆಸರಿಗೆ ಬರೆಯಬೇಕು ಅಂತ ಅಮ್ಮನ ಆಸೆ. ಗಾರ್ಡಿಯನ್ ಯಾರಾಗಬೇಕು ಅಂತ ಮಾತೆತ್ತಿದರೆ ಅಣ್ಣ ಫೋನ್ ಇಟ್ಟುಬಿಡುತ್ತಾನೆ. ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ತೋಟದ ದೊಡ್ಡಣ್ಣ:
ನನ್ನ ತಮ್ಮನಿಗೆ ನಾನೇ ಗಾರ್ಡಿಯನ್. ಆಟಿಸಂನಂಥ ತೊಂದರೆ ಇರುವವರಿಗೆ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯ ಕೆಳಗೆ ಜಿಲ್ಲಾಧಿಕಾರಿಗಳ ಸಮಿತಿ ಗಾರ್ಡಿಯನ್ ನೇಮಿಸುತ್ತದೆ. ನಮ್ಮ ಅರ್ಜಿ ಒಳಗೆ ಹೋದ ಮೇಲೆ ಸಾಹೇಬರು ವರ್ಗವಾದರು. ಹೊಸಬರು ಬಂದು ಸಭೆ ಕರೆಯುವಷ್ಟರಲ್ಲಿ ಚುನಾವಣೆ. ಕಚೇರಿಯಲ್ಲಿ ಒಬ್ಬರು, "ಅಪ್ಪ ಅಮ್ಮ ಇದ್ದಾರಲ್ಲ, ನಿಮಗೇನು ಅವಸರ?" ಅಂದರು. 18 ತುಂಬಿದ ಮೇಲೆ ಅಪ್ಪ ಅಮ್ಮನೂ ತಾವಾಗಿಯೇ ಗಾರ್ಡಿಯನ್ ಆಗುವುದಿಲ್ಲ ಅಂತ ಅವರಿಗೆ ನಾನು ಕಾಯ್ದೆ ತೋರಿಸಬೇಕಾಯಿತು. ವರಾಂಡದಲ್ಲಿ ಒಂದು ಫ್ಯಾನ್ ಕಿರಗುಟ್ಟುತ್ತಿತ್ತು. ತಮ್ಮ ಕಿವಿ ಮುಚ್ಚಿಕೊಂಡು ಗೋಡೆಗೆ ತಲೆ ಚಚ್ಚಿಕೊಂಡ. ಸುತ್ತ ಇದ್ದವರು ಮೊಬೈಲ್ ಎತ್ತಿ ವಿಡಿಯೋ ಮಾಡಿದರು. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪತ್ರ ಕೈಗೆ ಬಂದ ಮೇಲೂ ಬಿಡುವಿಲ್ಲ. ಆರು ತಿಂಗಳೊಳಗೆ ಆ ಸಮಿತಿಗೆ ಅವನ ಆಸ್ತಿಯ ಪಟ್ಟಿ ಕೊಡಬೇಕು. ಆಮೇಲೆ ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳಲ್ಲಿ ಲೆಕ್ಕ. ಅವನ ಪಾಲಿಗೆ ಅರ್ಧ ಎಕರೆ ಅಡಿಕೆ ತೋಟ ಇದೆ. ಗೊಬ್ಬರದ ರಸೀದಿಯಿಂದ ಹಿಡಿದು ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡನ ಕೂಲಿವರೆಗೆ ಎಲ್ಲ ಬರೆದಿಟ್ಟಿದ್ದೇನೆ. ಯಾರು ಬೇಕಾದರೂ ಬಂದು ನೋಡಲಿ.

ಯಲಹಂಕ ಅಕ್ಕ:
ನಾನು ತಮ್ಮನನ್ನು ಹೋಮ್‌ಗೆ ಸೇರಿಸಿದೆ. ನೆಂಟರು ಏನೇನೋ ಅಂದರು, ಅನ್ನಲಿ. ಡೆಪಾಸಿಟ್ 8 ಲಕ್ಷ, ವಾಪಸ್ ಬರಲ್ಲ. ತಿಂಗಳಿಗೆ 38,000, ವರ್ಷ ವರ್ಷ ಏರುತ್ತದೆ. ಡೈಪರ್ ಬೇರೆ, ಮಾತ್ರೆ ಬೇರೆ, ಫಿಟ್ಸ್ ಬಂದಾಗ ಆಸ್ಪತ್ರೆಗೆ ಕರೆದುಕೊಂಡು ಹೋದ ಗಾಡಿ ಬಾಡಿಗೆಯೂ ಬೇರೆ. ಹುಳುಕು ಹಲ್ಲು ತೆಗೆಸಬೇಕು ಅಂದರೆ ಬಾಯಿ ತೆರೆಯಲ್ಲ, ಪೂರ್ತಿ ಅರಿವಳಿಕೆ ಕೊಡಬೇಕು. ಅದಕ್ಕೇ 62,000 ಆಯಿತು.

ಇದು ಎರಡನೇ ಜಾಗ. ಮೊದಲನೆಯ ಕಡೆ ಅವನು ಇಳಿದುಹೋಗಿದ್ದ, ಪ್ಯಾಂಟ್ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಯಾರನ್ನೋ ಕಚ್ಚಿದ ಅಂತ ರಾತ್ರಿ ಫೋನ್ ಮಾಡಿ, ಬೆಳಿಗ್ಗೆಯೇ ಕರೆದುಕೊಂಡು ಹೋಗಿ ಅಂದರು. ಕಟ್ಟಿದ ದುಡ್ಡು ಹೋಯಿತು. ಈಗಿನ ಕಡೆ ದಿನಾ ನಡೆದಾಡುತ್ತಾನೆ, ತೋಟಕ್ಕೆ ನೀರು ಹಾಕುತ್ತಾನೆ. ನನ್ನ ನಿರ್ಧಾರ ಸರಿ.

ಶಿರಸಿ ತಂಗಿ:
ಮನೆಯಲ್ಲಿ ಹುಟ್ಟಿದವನನ್ನು ದುಡ್ಡು ಕೊಟ್ಟು ಹೊರಗೆ ಬಿಟ್ಟು, ಇಲ್ಲಿ ಬಂದು ಸರಿ ಅನ್ನುತ್ತೀರಲ್ಲ. ನನ್ನ ಅಕ್ಕನಿಗೆ 41 ವರ್ಷ. ನನ್ನ ಜೊತೆಗೇ ಇದ್ದಾಳೆ. ಕುಕ್ಕರ್ ಕೂಗಿದರೆ ಹೆದರುತ್ತಾಳೆ ಅಂತ ಅನ್ನವನ್ನು ಪಾತ್ರೆಯಲ್ಲೇ ಬಸಿಯುತ್ತೇನೆ. ಅವಳ ಸ್ಟೀಲ್ ತಟ್ಟೆಯ ಅಂಚು ಒಂದು ಕಡೆ ನೆಗ್ಗಿದೆ, ಆ ನೆಗ್ಗಿದ ಕಡೆ ಅವಳ ಎಡಗೈಗೆ ಬರಬೇಕು. ಇಲ್ಲದಿದ್ದರೆ ಊಟ ಇಲ್ಲ. ಇದನ್ನು ಸಂಬಳದ ಆಯಾ ನೋಡುತ್ತಾಳಾ?

ಯಲಹಂಕ ಅಕ್ಕ:
ನನ್ನ ತಮ್ಮ ಆರಡಿ ಎತ್ತರ. ಅವನು ತಳ್ಳಿ ಅಮ್ಮನ ಕೈ ಮುರಿದಿತ್ತು. ನಾನು ಕೆಲಸಕ್ಕೆ ಹೋಗದಿದ್ದರೆ ಮನೆ ನಡೆಯಲ್ಲ. ನಿಮ್ಮ ಅಕ್ಕ ಒಂದು ದಿನ ನಿಮ್ಮ ಮಗುವಿನ ಕುತ್ತಿಗೆಗೆ ಕೈ ಹಾಕಿದರೆ ಆಗ ಮಾತಾಡೋಣ.

ಶಿರಸಿ ತಂಗಿ:
ನನ್ನ ಮಕ್ಕಳ ವಿಷಯ ತೆಗೆಯಬೇಡಿ.

ಹುಬ್ಬಳ್ಳಿ ರೈಲ್ವೆ ಮನೆ:
ಜಗಳ ಬಿಡಿ. ನಮ್ಮ ಅಪ್ಪ ರೈಲ್ವೆಯಲ್ಲಿದ್ದರು. ಅಪ್ಪ, ಅಮ್ಮ ಇಬ್ಬರೂ ಹೋದ ಮೇಲೆ ದುಡಿಯಲಾಗದ ಅಂಗವಿಕಲ ಮಗನಿಗೆ ಜೀವನಪೂರ್ತಿ ಕುಟುಂಬ ಪಿಂಚಣಿ ಬರುತ್ತದೆ. ಅಮ್ಮ ಇರುವಾಗಲೇ ಪಿಪಿಒದಲ್ಲಿ, ಅಂದರೆ ಪಿಂಚಣಿ ಮಂಜೂರಾತಿ ಪತ್ರದಲ್ಲಿ, ಅಣ್ಣನ ಹೆಸರು ಸೇರಿಸಿದೆವು. ಅಮ್ಮನ ಸಹಿ, ಯುಡಿಐಡಿ ಅನ್ನುವ ಅಂಗವಿಕಲರ ಗುರುತಿನ ಕಾರ್ಡ್, ಕಾಯಂ ಅಂಗವೈಕಲ್ಯದ ಪ್ರಮಾಣಪತ್ರ ಎಲ್ಲ ಆಗಲೇ ಹೊಂದಿಸಿಟ್ಟೆವು. ಆದರೆ ಬ್ಯಾಂಕ್ ಖಾತೆಗೆ ಹೋದಾಗ ಮ್ಯಾನೇಜರ್, "ಇವರು ಸಹಿ ಹಾಕಲ್ಲ, ಮಾತಾಡಲ್ಲ" ಅಂತ ವಾಪಸ್ ಕಳಿಸಿದರು. ಗಾರ್ಡಿಯನ್ ಪತ್ರ ಇಲ್ಲದೆ ಆಗಲ್ಲ ಅಂದರು. ದೊಡ್ಡಣ್ಣ ಹೇಳಿದ ಕೆಲಸ ಮೊದಲು ಆಗಬೇಕು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಯನ್ನೂ ಮಾಡಿಸಿ. ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ. ನವೀಕರಣದ ತಾರೀಖು ಮಾತ್ರ ಮರೆಯಬೇಡಿ.

ನ್ಯೂಜೆರ್ಸಿ ಅಣ್ಣ:
ಯಾರೂ ಖಾಸಗಿ ಟ್ರಸ್ಟ್ ಬಗ್ಗೆ ಹೇಳಲಿಲ್ಲ. ಮನೆಯನ್ನು ನೇರವಾಗಿ ತಮ್ಮನ ಹೆಸರಿಗೆ ಬರೆದರೆ ನಾಳೆ ದುಡ್ಡು ಬೇಕಾದಾಗ ಮಾರುವುದಕ್ಕೂ ಒದ್ದಾಡಬೇಕು. ನಾವು 1882ರ ಟ್ರಸ್ಟ್ ಕಾಯ್ದೆಯ ಕೆಳಗೆ, ಆಸ್ತಿಯನ್ನು ತಮ್ಮನಿಗಾಗಿ ನೋಡಿಕೊಳ್ಳಲು ಖಾಸಗಿ ಟ್ರಸ್ಟ್ ಮಾಡಿದೆವು. ನಾನು, ತಂಗಿ, ಒಬ್ಬ ಆಡಿಟರ್ ಅದನ್ನು ನಡೆಸುವ ಟ್ರಸ್ಟಿಗಳು. ಅಪ್ಪನ ಉಯಿಲಿನಲ್ಲಿ ಫ್ಲಾಟ್ ಟ್ರಸ್ಟ್‌ಗೆ ಹೋಗುತ್ತದೆ. ಲಾಯರ್ 45,000 ತೆಗೆದುಕೊಂಡರು. ತಿಂಗಳು ತಿಂಗಳು ನಾನು ಹಣ ಹಾಕುತ್ತೇನೆ, ಒಂದು ಸಲವೂ ತಪ್ಪಿಸಿಲ್ಲ.

ತೋಟದ ದೊಡ್ಡಣ್ಣ:
ಸರ್, ಹಣ ಹಾಕುವುದು ಸರಿ. ರಾತ್ರಿ ಎದ್ದು ಬೆಡ್‌ಶೀಟ್ ಬದಲಿಸುವವರು ಯಾರು? ತಂಗಿ ಅಲ್ವಾ? ಹಾಗಾದರೆ ಆಕೆಯ ಶ್ರಮಕ್ಕೆ ಆ ಪತ್ರದಲ್ಲಿ ಏನು ಇಟ್ಟಿದ್ದೀರಿ?

ನ್ಯೂಜೆರ್ಸಿ ಅಣ್ಣ:
ತಂಗಿ ಕೇಳಿಲ್ಲ. ನಮ್ಮ ಮನೆಯ ವಿಷಯ ನಿಮಗೆ ಗೊತ್ತಿಲ್ಲ. ಅರ್ಧ ಎಕರೆ ತೋಟದ ಫಸಲು ನಿಮ್ಮ ಮನೆಗೇ ಹೋಗುತ್ತದಲ್ಲ?

ತೋಟದ ದೊಡ್ಡಣ್ಣ:
ಒಂದು ಅಡಿಕೆಯೂ ಹೋಗಿಲ್ಲ. ಅವನ ಖಾತೆಯ ಪಾಸ್‌ಬುಕ್ ತೋರಿಸುತ್ತೇನೆ, ನಿಮ್ಮ ಟ್ರಸ್ಟ್ ಲೆಕ್ಕವನ್ನೂ ತನ್ನಿ.

ಶಿರಸಿ ತಂಗಿ:
ದೊಡ್ಡಣ್ಣ ಕೇಳಿದ್ದು ಸರಿ. ತಂಗಿ ಕೇಳಿಲ್ಲ ಅಂದರೆ ಕೊಡಬಾರದು ಅಂತಲ್ಲ. ನಾನು ನೋಡಿಕೊಂಡು ಬಂದಷ್ಟು ವರ್ಷವೂ ನನ್ನ ಅಣ್ಣ ಇದೇ ಮಾತು ಆಡಿದ. ದಾವಣಗೆರೆಯವರೇ, ಪಾಲು ಮಾಡುವಾಗ ನೋಡಿಕೊಳ್ಳುವವರಿಗೆ ಒಂದು ಪಾಲು ಜಾಸ್ತಿ ಅಂತ ಅಮ್ಮನ ಕೈಯಲ್ಲೇ ಬರೆಸಿ.

ಯಲಹಂಕ ಅಕ್ಕ:
ಇದೊಂದು ಮಾತು ಒಪ್ಪುತ್ತೇನೆ. ನ್ಯೂಜೆರ್ಸಿಯವರೇ, ಟ್ರಸ್ಟಿಗಳಲ್ಲಿ ಯಾರಾದರೂ ತೀರಿಕೊಂಡರೆ ಹೋಮ್ ಫೀಸಿನ ಚೆಕ್‌ಗೆ ಯಾರು ಸಹಿ ಹಾಕುತ್ತಾರೆ? ಪತ್ರದಲ್ಲಿ ಅದನ್ನು ಹೇಗೆ ಬರೆಸಿದ್ದೀರಿ? ನಮ್ಮ ಲಾಯರ್ ಮುಂದಿನ ವಾರ ಕರಡು ಕೊಡುತ್ತಾರೆ, ಅಷ್ಟರೊಳಗೆ ಹೇಳಿ.